ಕೆಳರೆಪ್ಪೆಯ ಎರಡು ತೂತು

ಮಾರ್ಚ್ 3, ಸೋಮವಾರ

ಒಂಬತ್ತು ಕ್ವೇಲ್ ಕರಗಲು ಇಟ್ಟೆ. ಸರ್ ಕ್ವೇಲ್ ಅನ್ನುತ್ತಾರೆ, ನಮ್ಮಲ್ಲಿ ಬುರ್ಲಿ. ಫ್ರೀಜರಿನಿಂದ ತೆಗೆದು ಬಟ್ಟಲಿಗೆ ಹಾಕಿದರೆ ಟಣ್ ಎನ್ನುತ್ತವೆ. ಕರಗಿದ ಮೇಲೆ ಕರುಳು ತೆಗೆದು ಗಿಡುಗದ ಮರಿಗಳಿಗೆ ಸಣ್ಣಗೆ ಕತ್ತರಿಸಬೇಕು.

ಮರಿಗಳಿಗೆ ಇವತ್ತು ನಾಲ್ಕು ದಿನ. ಮೂರಿವೆ. ಕಣ್ಣು ಈಗ ಬಿಡುತ್ತಿವೆ. ನನ್ನ ಕೈ ಕಂಡರೆ ಕಿರುಚುತ್ತವೆ. ತಾಯಿ ಗೋಡೆಯ ಆಚೆಯೇ ಇದ್ದಾಳೆ. ಮೊಟ್ಟೆ ಇಟ್ಟ ವಾರಕ್ಕೇ ಸರ್ ತೆಗೆದು ಕಾವು ಕೊಡುವ ಮೆಷಿನ್ನಿಗೆ ಇಟ್ಟರು. ತೆಗೆದರೆ ಇನ್ನೊಂದು ಸಲ ಇಡುತ್ತಾಳಂತೆ. ಇಟ್ಟಳು. ಅದನ್ನೂ ತೆಗೆದರು.

"ಅದಕ್ಕೆ ಲೆಕ್ಕ ಬರಲ್ಲ ಭೂಮಿ," ಅಂದರು. "ನಾವೇನೂ ಮೋಸ ಮಾಡ್ತಿಲ್ಲ."

ನಾನು ಮೋಸ ಅನ್ನಲೇ ಇಲ್ಲ. ಸುಮ್ಮನೆ ನೋಡುತ್ತಿದ್ದೆ.

ಈ ಊರಲ್ಲಿ ಹಗಲು ವರ್ಷವಿಡೀ ಒಂದೇ ಉದ್ದ. ಗಿಡುಗಕ್ಕೆ ಕಾಲ ತಿಳಿಯುವುದಿಲ್ಲ. ಅದಕ್ಕೆ ಸರ್ ಟೈಮರ್ ಹಾಕಿ ಲೈಟನ್ನು ದಿನಕ್ಕೆ ಎರಡೆರಡು ನಿಮಿಷ ಹೆಚ್ಚು ಉರಿಸುತ್ತಾರೆ. ಚಳಿಗಾಲ ಮುಗಿಯಿತು ಎಂದು ಅವು ನಂಬುತ್ತವೆ. ಅವುಗಳ ರೂಮಿಗೆ ಎಸಿ. ನಾನು ಮಾಂಸ ಕತ್ತರಿಸುವ ಕಡೆ ಫ್ಯಾನ್.

ದೊಡ್ಡ ಹಕ್ಕಿಗಳನ್ನು ಸರ್ ಸೆಲೆಟಾರ್ ವಿಮಾನ ನಿಲ್ದಾಣಕ್ಕೆ ಒಯ್ದು ವಿಮಾನದ ಶೆಡ್ಡುಗಳ ಮೇಲೆ ಹಾರಿಸುತ್ತಾರೆ, ಪಾರಿವಾಳ ಮೈನಾ ಓಡಿಸಲು. ಮೊದಲು ಅಲ್ಲೇ ಎಂಜಿನಿಯರ್ ಆಗಿದ್ದರಂತೆ. ಮರಿಗಳು ಬೇರೆ ದೇಶಗಳಿಗೆ ಹೋಗುತ್ತವೆ, ಗಿಡುಗ ಬಿಟ್ಟು ಬೇಟೆಯಾಡುವ ಶ್ರೀಮಂತರಿಗೆ.

ಈ ದೇಶದಲ್ಲಿ ನನ್ನ ಕೆಲಸದ ಪರ್ಮಿಟ್ ಜುರಾಂಗ್ ವೆಸ್ಟಿನಲ್ಲಿರುವ ಸರ್ ಮನೆಯ ಕೆಲಸಕ್ಕೆ ಮಾತ್ರ. ಕ್ರಾಂಜಿಯ ಈ ಶೆಡ್ಡಿಗೆ ಬರುವ ಹಾಗಿಲ್ಲ. ಯಾರಾದರೂ ಕೇಳಿದರೆ ಸರ್‌ಗೆ ಊಟ ತಂದೆ ಎನ್ನಬೇಕು. ಅದಕ್ಕೇ ಊಟದ ಕ್ಯಾರಿಯರ್ ಯಾವಾಗಲೂ ಕೈಯಲ್ಲಿ. ಇವತ್ತು ಅದರೊಳಗೆ ಗ್ಲವ್ಸ್, ಕತ್ತರಿ ಇತ್ತು.

ಮಾರ್ಚ್ 9, ಭಾನುವಾರ

ರಜೆಯ ದಿನ. ಆದರೂ ಹೋದೆ. ಮರಿಗಳಿಗೆ ಉಂಗುರ ಹಾಕುವುದಿತ್ತು.

ಸರ್ ಮರಿಯ ಕಾಲಿನ ಮುಂದಿನ ಮೂರು ಬೆರಳು ಒಟ್ಟಿಗೆ ಹಿಡಿದು ಉಂಗುರ ತೂರಿಸುತ್ತಾರೆ. ಹಿಂದಿನ ಬೆರಳನ್ನು ಕಾಲಿಗೆ ಒತ್ತಿ ದಾಟಿಸುತ್ತಾರೆ, ಆಮೇಲೆ ಕಡ್ಡಿಯಲ್ಲಿ ಮೆಲ್ಲಗೆ ಬಿಡಿಸುತ್ತಾರೆ. ನಾನು ಹಿಡಿದಿದ್ದೆ.

"ನೋಡು, ಇದಕ್ಕೆ ಜಾಯಿಂಟೇ ಇಲ್ಲ. ಇನ್ನೊಂದು ವಾರ ಹೋದ್ರೆ ಪಾದ ದೊಡ್ಡದಾಗುತ್ತೆ. ಹಾಕಕ್ಕೂ ಆಗಲ್ಲ, ತೆಗೆಯಕ್ಕೂ ಆಗಲ್ಲ. ಅಂದ್ರೆ ಏನರ್ಥ?"

ಮರಿಯನ್ನು ಇನ್ನೊಂದು ಕೈಗೆ ಬದಲಿಸಿದೆ.

"ಇಲ್ಲೇ ಹುಟ್ಟಿದ್ದು, ಕಾಡಲ್ಲಿ ಹಿಡಿದದ್ದಲ್ಲ ಅಂತ. ಉಂಗುರ ಇಲ್ದಿದ್ರೆ ಯಾವ ದೇಶನೂ ಒಳಗೆ ಬಿಡಲ್ಲ. ಇದೇ ಇದರ ಬರ್ತ್ ಸರ್ಟಿಫಿಕೇಟ್."

ನನಗೂ ಒಂದು ಸರ್ಟಿಫಿಕೇಟ್ ಇದೆ. ಎಂಟನೇ ಕ್ಲಾಸ್ ಪಾಸ್ ಎಂದು. ಎಂಟು ಇಲ್ಲದಿದ್ದರೆ ಇಲ್ಲಿ ಮನೆಗೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಹುಣಸೂರಿನ ನಮ್ಮ ಕಾಲೊನಿಯ ಶಾಲೆ ಏಳಕ್ಕೇ ಮುಗಿಯುತ್ತದೆ. ಎಂಟನ್ನು ಏಜೆಂಟ್ ಬರೆಸಿದ. ಸರ್‌ಗೆ ಗೊತ್ತು. ಅವರ ಹೆಂಡತಿ, ಮೇಡಂಗೆ?... ಗೊತ್ತಿರಬಹುದು. ಮೇಡಂ ಮುಖ ನೋಡಿದರೆ ಏನೂ ತಿಳಿಯುವುದಿಲ್ಲ.

ಮಾರ್ಚ್ 14, ಶುಕ್ರವಾರ

ಸರ್ ಮಗಳು ತನ್ಮಯಿಗೆ ಸ್ಕೂಲಿನಲ್ಲಿ ಪ್ರಾಜೆಕ್ಟ್. ಅಪ್ಪ ಅಮ್ಮ ಮಾಡುವ ಕೆಲಸದ ಬಗ್ಗೆ ಬರೆಯಬೇಕು. ನಾನು ಹುರುಳಿಕಾಯಿ ಬಿಡಿಸುತ್ತಿದ್ದೆ, ಎದುರು ಬಂದು ಕೂತಳು.

"ಭೂಮಿ ಅಕ್ಕ, ನಿನ್ನ ತಾತ ಹಕ್ಕಿ ಹಿಡೀತಿದ್ರಾ? ರಿಯಲಿ?"

"ಹೂಂ. ಆಗ. ನಾವು ಹಕ್ಕಿಪಿಕ್ಕಿಯವರು, ಅದೇ ಕಸುಬು ಇತ್ತು."

"ಹೆಸರೇನು ಅವರದು?"

"ಕಲೆಕ್ಟರ್."

"ಅದು ಜಾಬ್ ಅಲ್ವಾ?"

"ನಮ್ಮಲ್ಲಿ ಹಾಗೇ. ಕೇಳಕ್ಕೆ ಚೆನ್ನಾಗಿದ್ರೆ ಇಟ್ಬಿಡ್ತಾರೆ. ನಮ್ಮ ಚಿಕ್ಕಮ್ಮ ಜಿಲೇಬಿ."

"ಸೋ ಶಿಯೋಕ್ ಲಾ, ಸೂಪರ್! ಅಮ್ಮ, ನಂಗೂ ಜಿಲೇಬಿ ಅಂತ ಹೆಸರಿಡು!"

ಸತ್ಯವತಿ ಮೇಡಂ ನಗಲಿಲ್ಲ. "ಟೈಮ್ ವೇಸ್ಟ್ ಮಾಡ್ಬೇಡ. ಬರ್ಕೋ. ಮನೇಲೇ ಮರಿ ಮಾಡಿದ್ರೆ ಕಾಡಿಂದ ಯಾರೂ ಹಿಡಿಯಲ್ಲ. ಕಾಡಿನ ಹಕ್ಕಿ ಉಳಿಯುತ್ತೆ. ಅಪ್ಪ ಮಾಡೋದು ಅದೇ."

"ಆದ್ರೆ ಮಮ್ಮಿ ಹಕ್ಕಿಗೆ ಅದರ ಬೇಬಿ ಸಿಗಲ್ವಲ್ಲ?"

"ಅದನ್ನ ನಿಮ್ಮ ಟೀಚರ್ ಕೇಳಿಲ್ಲ."

ಮಾರ್ಚ್ 20, ಗುರುವಾರ

ಹೊಸ ಹೆಣ್ಣು ಗಿಡುಗ ಬಂತು. ನಂಬರ್ ಹನ್ನೊಂದು. ಹೊರದೇಶದ ಫಾರ್ಮಿನಲ್ಲಿ ಮೆಷಿನ್‌ನಲ್ಲೇ ಹುಟ್ಟಿದ್ದಂತೆ, ಎರಡು ವರ್ಷ. ಕಾಲಿಗೆ ಉಂಗುರ ಇದೆ. ಪೇಪರೂ ಇದೆ, ಸರ್ ತೋರಿಸಿದರು. ನಾನು ಕೇಳಿರಲಿಲ್ಲ.

ತಲೆ ಕಪ್ಪು. ಹೊಟ್ಟೆ ಇಟ್ಟಿಗೆ ಬಣ್ಣ. ನಮ್ಮ ಕಡೆ ಬಂಡೆಗಳ ಮೇಲೆ ಇರುವ ಬೈರಿ. ಅಜ್ಜ ದೂರದಿಂದ ತೋರಿಸಿದ್ದ.

ಕಿರುಚಲಿಲ್ಲ. ಇಲ್ಲಿ ಹುಟ್ಟಿದವು ಮನುಷ್ಯರನ್ನು ಕಂಡರೆ ಸಾಕು, ಅಪ್ಪ ಅಮ್ಮ ಬಂದ ಹಾಗೆ ಬಾಯಿ ತೆರೆದು ಕಿರುಚುತ್ತವೆ. ದೊಡ್ಡವಾದ ಮೇಲೂ ಬಿಡುವುದಿಲ್ಲ. ಇದು ಮೂಲೆಗೆ ಸರಿದು ನಿಂತಿತು. ಮೈ ತೆಳ್ಳಗೆ ಮಾಡಿಕೊಂಡಿತು. ಹೊರಗಿನ ಗೂಡುಗಳ ಜಾಲರಿಯ ಮೇಲೆ ಒಂದು ಹದ್ದಿನ ನೆರಳು ಹಾದು ಹೋಯಿತು. ಬೇರೆ ಯಾವ ಹಕ್ಕಿಯೂ ತಲೆ ಎತ್ತಲಿಲ್ಲ. ಇದು ಎತ್ತಿತು.

ಸರ್‌ಗೆ ಹೇಳಿದೆ. "ಇದು ಕೂಗೋದೇ ಇಲ್ಲ."

"ಅದನ್ನ ತಾಯಿ ಹಕ್ಕಿನೇ ಸಾಕಿರೋದು. ಅಂಥವು ಸೈಲೆಂಟಾಗಿರ್ತವೆ."

ಇರಬಹುದು. ಮೆಷಿನ್‌ನಲ್ಲಿ ಹುಟ್ಟಿದ್ದು, ಆಮೇಲೆ ತಾಯಿ ಹತ್ತಿರ ಬಿಟ್ಟಿರಬಹುದು. ನನಗೇನು ಗೊತ್ತು.

ಮಾರ್ಚ್ 26, ಬುಧವಾರ

ಉಂಗುರ ಸಡಿಲ. ನಂಬರ್ ಹನ್ನೊಂದು ನಡೆದಾಗ ಬೆರಳಿನ ಬುಡದವರೆಗೂ ಜಾರುತ್ತದೆ. ಮರಿಗಳ ಕಾಲು ನೋಡಿ ಬಂದೆ. ಆ ಉಂಗುರ ಅಷ್ಟು ಆಡುವುದಿಲ್ಲ. ಹನ್ನೊಂದರದ್ದನ್ನು ಸೋಪು ಹಚ್ಚಿದರೆ ದೊಡ್ಡ ಹಕ್ಕಿಗೂ ತೂರಿಸಬಹುದು ಎನಿಸಿತು.

ಕೇಳಲಿಲ್ಲ. ಕೇಳಿದರೆ ಸರ್ ಬಳಿ ಉತ್ತರ ಇರುತ್ತದೆ. ಎಲ್ಲದಕ್ಕೂ ಇರುತ್ತದೆ. ಅದೇ ನನಗೆ ಹಿಡಿಸದು.

ಮಾರ್ಚ್ 28, ಶುಕ್ರವಾರ

ನಂಬರ್ ಹನ್ನೊಂದರ ಬಲಗಣ್ಣಲ್ಲಿ ನೀರು. ಟವೆಲ್ಲಿನಲ್ಲಿ ಸುತ್ತಿ ಹಿಡಿದುಕೊಂಡೆ. ಸರ್ ಡ್ರಾಪ್ಸ್ ಹಾಕಲು ರೆಪ್ಪೆ ಎಳೆದರು. ಕಣ್ಣು ನನ್ನ ಮುಖಕ್ಕೆ ಅರ್ಧ ಅಡಿ.

ಕೆಳರೆಪ್ಪೆಯ ಅಂಚಿನಲ್ಲಿ ತೂತು. ಸೂಜಿ ಮೊನೆಯಷ್ಟು. ತಲೆ ತಿರುಗಿಸಿ ಎಡಗಣ್ಣು ನೋಡಿದೆ. ಅಲ್ಲೂ, ಅದೇ ಜಾಗದಲ್ಲಿ.

ಅಜ್ಜ ಕೊನೆಯ ಸಲ ಗಿಡುಗ ಹಿಡಿದಾಗ ನನಗೆ ಆರು ವರ್ಷ. ಬಲೆಯಿಂದ ಬಿಡಿಸಿದ ಕೂಡಲೇ ಮೊದಲ ಕೆಲಸ ಅದು. ಬಿಳಿ ನೂಲು. ಒಂದು ಕೆಳರೆಪ್ಪೆಗೆ ಒಂದು ಹೊಲಿಗೆ, ಇನ್ನೊಂದಕ್ಕೆ ಒಂದು, ಎರಡೂ ಎಳೆ ನೆತ್ತಿಯ ಮೇಲೆ ತಂದು ಗಂಟು. ಕಣ್ಣು ಮುಚ್ಚಿಕೊಳ್ಳುತ್ತದೆ. ಕತ್ತಲಾದರೆ ಹೊಡೆದಾಡುವುದಿಲ್ಲ. ಚೀಲದಲ್ಲಿ ಹಾಕಿ ಬಸ್ಸಿನಲ್ಲಿ ಒಯ್ದರೂ ಸದ್ದಿಲ್ಲ. ಆಮೇಲೆ ನೂಲು ತೆಗೆದರೂ ತೂತು ಉಳಿಯುತ್ತದೆ.

ಮನೆಯಲ್ಲಿ ಹುಟ್ಟಿದ ಹಕ್ಕಿಯ ಕಣ್ಣು ಯಾರೂ ಹೊಲಿಯುವುದಿಲ್ಲ. ಹೊಲಿಯುವ ಅಗತ್ಯವೇ ಇಲ್ಲ.

ಯೋಚನೆಯೇ ಮಾಡಲಿಲ್ಲ, ಬಾಯಿಗೆ ಬಂದುಬಿಟ್ಟಿತು. "ಸರ್, ಇದರ ಕಣ್ಣು ಯಾರು ಹೊಲಿದಿದ್ದು?"

ಸರ್ ಕೈ ನಿಂತಿತು. ಡ್ರಾಪ್ಸ್ ಅದರ ಕೊಕ್ಕಿನ ಮೇಲೆ ಬಿತ್ತು. ಮನೆಯವರೆಗೂ ವ್ಯಾನಿನಲ್ಲಿ ರೇಡಿಯೋ ಹಾಕಿಕೊಂಡೇ ಇದ್ದರು.

ಮಾರ್ಚ್ 30, ಭಾನುವಾರ. ಯುಗಾದಿ.

ಮೇಡಂ ಹೊಸ ಚೂಡಿದಾರ್ ಕೊಟ್ಟರು. ನೀಲಿ. ಅಳತೆ ಸರಿಯಾಗಿದೆ. ಹೋದ ವರ್ಷ ತಮ್ಮದೇ ಹಳೆಯದು ಕೊಟ್ಟಿದ್ದರು. ಈ ವರ್ಷ ಯಾಕೆ ಹೊಸದು?

ಊಟ ಆದ ಮೇಲೆ ಸರ್ ಜೊತೆ ಶೆಡ್ಡಿಗೆ. ವ್ಯಾನ್ ನಿಲ್ಲಿಸಿ ಇಳಿಯಲಿಲ್ಲ.

"ನಿಮ್ಮಜ್ಜನ ಕಸುಬು ಮರ್ತೇ ಹೋಗಿತ್ತು ನಂಗೆ," ಅಂದರು. ನಕ್ಕರು. "ನೋಡು, ಹೇಳ್ತೀನಿ. ಒಂದೇ ಸಂಸಾರದ ಹಕ್ಕಿಗಳನ್ನ ಜೋಡಿ ಮಾಡ್ತಾ ಹೋದ್ರೆ ಮೊಟ್ಟೆ ಜೊಳ್ಳಾಗ್ತವೆ. ಹೊಸ ರಕ್ತ ಬೇಕು. ಇದೊಂದೇ. ಒಂದು ಹಕ್ಕಿ ಬಂದ್ರೆ ಅದರಿಂದ ನಲವತ್ತು ಹುಟ್ತವೆ. ಅವನ್ನ ಕೊಂಡ ನಲವತ್ತು ಜನ ಕಾಡಿಂದ ಹಿಡಿಸಲ್ಲ. ತಪ್ಪಾ?"

ತಪ್ಪು ಎಂದು ತೋರಿಸುವಷ್ಟು ನಾನು ಓದಿಲ್ಲ.

"ನಿನ್ನ ಎಂಟನೇ ಕ್ಲಾಸ್ ವಿಷಯ ನಾನು ಯಾರ ಹತ್ರನಾದ್ರೂ ಎತ್ತಿದೀನಾ?"

"ಇಲ್ಲ ಸರ್."

"ಅಷ್ಟೆ ಮತ್ತೆ. ಹೋಗು, ಮರಿಗಳಿಗೆ ಹಸಿವಾಗಿರತ್ತೆ."

ಎಷ್ಟು ಮೆತ್ತಗೆ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 2, ಬುಧವಾರ

ಕೆಳಗೆ, ಕಟ್ಟಡದಡಿಯ ಖಾಲಿ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಕೂತು ಅಜ್ಜನಿಗೆ ಫೋನ್ ಮಾಡಿದೆ. ಪಕ್ಕದ ಬೆಂಚಿನಲ್ಲಿ ಒಬ್ಬರು ಇದ್ದರು, ಕನ್ನಡದವರೋ ಏನೋ. ನಮ್ಮ ಮಾತಿನಲ್ಲೇ ಮಾತಾಡಿದೆ. ಅದು ಯಾರಿಗೂ ಬರುವುದಿಲ್ಲ. ನಮ್ಮ ಮಾತಿಗೆ ಅಕ್ಷರ ಇಲ್ಲ, ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ತೂತು ಒಳಗಿನ ಮೂಲೇಲೋ, ನಡುವಿನಲ್ಲೋ?"

"ನಡುವಿನಲ್ಲಿ ಅಜ್ಜ."

"ಹಾಗಾದ್ರೆ ಕೆಲಸ ಬಲ್ಲವನೇ ಹೊಲಿದಿರೋದು. ಕಣ್ಣು ಉಳಿಯುತ್ತೆ. ಬೆಚ್ಚಗಿನ ನೀರಲ್ಲಿ ಒರೆಸು."

"ಫಾರ್ಮಿನಲ್ಲೇ ಹುಟ್ಟಿದ್ದು ಅಂತ ಉಂಗುರ ಹಾಕಿದ್ದಾರೆ."

ಬೀಡಿ ಹಚ್ಚಿದ ಸದ್ದು.

"ನಾನು ಹಿಡಿದಿದ್ದೀನಿ, ಮಾರಿದ್ದೀನಿ, ಎರಡು ತಿಂಗಳು ಜೈಲಲ್ಲಿ ಕೂತಿದ್ದೀನಿ. ಹಕ್ಕಿ ಎಲ್ಲಿಯದು ಅಂತ ಕೇಳಿದವರಿಗೆ ಬಂಡೆ ತೋರಿಸಿದ್ದೀನಿ. ನನ್ನ ಗುಡಿಸಲಲ್ಲಿ ಹುಟ್ಟಿತು ಅಂತ ಯಾವತ್ತೂ ಹೇಳಲಿಲ್ಲ. ಹಕ್ಕಿಯ ಊರನ್ನೇ ಕದ್ದರೆ ಅದು ವಾಪಸ್ ಹೋಗೋದೆಲ್ಲಿಗೆ?"

ಆಮೇಲೆ, "ನೀನು ಸುಮ್ಮನಿರು. ಕೆಲಸ ಕಳ್ಕೋಬೇಡ," ಅಂದ.

ಏಪ್ರಿಲ್ 4, ಶುಕ್ರವಾರ

ಈ ಪುಸ್ತಕ ಅಕ್ಕಿ ಡಬ್ಬದ ಹಿಂದೆ ಇಡುತ್ತೇನೆ, ಬೆನ್ನು ಗೋಡೆಗೆ ಮಾಡಿ. ಇವತ್ತು ಬೆನ್ನು ಈಚೆಗಿತ್ತು.

ಯಾರು? ತನ್ಮಯಿಗೆ ಕನ್ನಡ ಓದಲು ಬರುವುದಿಲ್ಲ. ಸರ್ ಅಡುಗೆಮನೆಗೆ ಬರುವುದಿಲ್ಲ.

ಸಂಜೆ ಪಾತ್ರೆ ತೊಳೆಯುತ್ತಿದ್ದೆ. ಮೇಡಂ ಬಂದು ಪಕ್ಕದಲ್ಲಿ ನಿಂತರು. ಒರೆಸುವ ಬಟ್ಟೆ ತೆಗೆದುಕೊಂಡು ತಟ್ಟೆ ಒರೆಸಿದರು. ಯಾವತ್ತೂ ಒರೆಸಿದವರಲ್ಲ.

"ನಿಜವಾಗ್ಲೂ ಕಣ್ಣು ಹೊಲಿತಾರಾ?"

ನಲ್ಲಿ ನಿಲ್ಲಿಸಿದೆ. "ಹೂಂ ಮೇಡಂ."

"ಬದುಕಿರುವಾಗಲೇ?"

"ಹೂಂ."

ಅದೇ ತಟ್ಟೆಯನ್ನು ಮತ್ತೆ ಒರೆಸಿದರು. "ನಂಗೆ ಅವರು ಹೇಳಿರ್ಲಿಲ್ಲ ಭೂಮಿ. ನಾನೇ ಪ್ರಾಜೆಕ್ಟಲ್ಲಿ ಬರೆಸ್ದೆ ಆ ಮಗು ಕೈಲಿ." ಆಮೇಲೆ, "ಈ ಮನೆ, ಅವಳ ಸ್ಕೂಲು, ಎಲ್ಲ ಆ ಶೆಡ್ಡಿಂದಾನೇ." ಹೋಗಿಬಿಟ್ಟರು.

ಅದು ನನಗೆ ಕೋರಿಕೆಯೋ, ಎಚ್ಚರಿಕೆಯೋ? ಪುಸ್ತಕ ಎಸೆಯಬೇಕಿತ್ತು. ಎಸೆಯಲಿಲ್ಲ. ಜಾಗ ಕೂಡ ಬದಲಿಸಲಿಲ್ಲ. ಓದಲಿ.

ಏಪ್ರಿಲ್ 5, ಶನಿವಾರ

ನಂಬರ್ ಹನ್ನೊಂದನ್ನು ಗಂಡಿನ ಪಕ್ಕದ ರೂಮಿಗೆ ಹಾಕಿದರು. ನಡುವೆ ಕಡ್ಡಿಯ ಗೋಡೆ. ಗಂಡು ಇಲ್ಲೇ ಹುಟ್ಟಿದ್ದು. ಅದು ಹೆಣ್ಣಿಗೆ ಬೆನ್ನು ಹಾಕಿ ಸರ್‌ಗೆ ತಲೆ ಬಾಗಿಸಿ ನಮಸ್ಕಾರ ಮಾಡುತ್ತದೆ. ಸರ್ರೇ ತನ್ನ ಹೆಂಡತಿ ಎಂದುಕೊಂಡಿದೆ. ಸರ್ ಅದಕ್ಕೆ ನಗುತ್ತಾರೆ. ನನಗೆ ನಗು ಬರಲಿಲ್ಲ. ನನ್ನ ಮೂರು ಮರಿಗಳೂ ಹಾಗೇ ಆಗುತ್ತವೆ. ನಾನೇ ಮಾಡಿದ್ದು.

ನಾನು ಹಿಂದೆ ತೊಟ್ಟಿ ತೊಳೆಯುತ್ತಿದ್ದೆ. ಸರ್ ಫೋನಿನಲ್ಲಿ, "ಕ್ವಾಲಿಟಿ ಸೂಪರ್. ಹಾಂ, ಐ ಇನ್ಫೆಕ್ಷನ್ ಸ್ವಲ್ಪ. ಇನ್ನೆರಡು ಕಳಿಸಿ. ಈ ಸಲ ರಿಂಗ್ ಸೈಜ್ ಸರಿ ನೋಡಿ."

ಇದೊಂದೇ ಅಂದಿದ್ದರು. ಮೊನ್ನೆ ಭಾನುವಾರ. ವ್ಯಾನಿನಲ್ಲಿ. ನಾನು ಹೆಚ್ಚುಕಡಿಮೆ ನಂಬಿದ್ದೆ.

ಏಪ್ರಿಲ್ 7, ಸೋಮವಾರ

ನಂಬರ್ ಹನ್ನೊಂದರ ಕಣ್ಣು ವಾಸಿಯಾಗಲಿಲ್ಲ. ಸರ್ ಡಾಕ್ಟರ್ ಕರೆಸಿದರು. ಪ್ರಣತಿ ಅಂತ, ಬೆಂಗಳೂರಿನವರು. ಮೊದಲಿನವರು ರಜೆಯಂತೆ, ಇವರು ಹೊಸಬರು. ಸರ್‌ಗೆ ಅದು ಇಷ್ಟವಿರಲಿಲ್ಲ, ಕಾಣುತ್ತಿತ್ತು.

ನಾನು ಕ್ಯಾರಿಯರ್ ಹಿಡಿದು ಬಾಗಿಲಲ್ಲಿ ನಿಂತೆ. ಸರ್ ಹಕ್ಕಿ ಹಿಡಿಯಲು ಹೋದರು, ಅದು ಗೋಡೆಗೆ ಹೊಡೆದುಕೊಂಡಿತು. ಎರಡು ಸಲ. ಮೂರನೇ ಸಲಕ್ಕೆ ನೋಡಲಾಗಲಿಲ್ಲ. ಹೋಗಿ ಹಿಡಿದೆ. ಹಿಂದಿನಿಂದ, ಎರಡೂ ರೆಕ್ಕೆ ಮಡಚಿ, ಅದರ ಕಾಲನ್ನು ನನ್ನ ಕೈಬೆರಳ ಸಂದಿಗೆ ಸಿಕ್ಕಿಸಿ. ಟವೆಲ್ ಕೂಡ ಬೇಕಾಗಲಿಲ್ಲ. ಸುಮ್ಮನಾಯಿತು.

"ಇವರು ಯಾರು?" ಅಂದರು ಡಾಕ್ಟರ್.

"ಮನೆ ಕೆಲಸದವಳು. ಊಟ ತಂದಿದಾಳೆ."

"ಊಟ ತರೋರು ಗಿಡುಗ ಹೀಗೆ ಹಿಡೀತಾರಾ? ನಂಗೇ ಬರಲ್ಲ." ನಗುತ್ತಾ ಅಂದರು. ಕಣ್ಣು ನಗಲಿಲ್ಲ. ಟಾರ್ಚ್ ಹಾಕಿ ರೆಪ್ಪೆ ನೋಡಿದರು. ಮತ್ತೆ ನೋಡಿದರು. "ಇದೇನು ತೂತು?"

"ತಂತಿ ಚುಚ್ಚಿರತ್ತೆ," ಅಂದರು ಸರ್.

"ಎರಡೂ ಕಣ್ಣಿಗಾ?" ನನ್ನ ಕಡೆ ತಿರುಗಿದರು. "ನೀವು ನೋಡಿದ್ರಾ?"

ಕೈಯೊಳಗೆ ಅದರ ಎದೆ ಡಬಡಬ ಎನ್ನುತ್ತಿತ್ತು. ಸರ್ ನನ್ನನ್ನೇ ನೋಡುತ್ತಿದ್ದರು. "ಗೊತ್ತಿಲ್ಲ," ಅಂದೆ.

ಡಾಕ್ಟರ್ ಡ್ರಾಪ್ಸ್ ಡಬ್ಬಿಯ ಮೇಲೆ ತಮ್ಮ ಫೋನ್ ನಂಬರ್ ಬರೆದರು. "ದಿನಕ್ಕೆ ಮೂರು ಸಲ. ಹಾಕೋರು ನೀವೇ ತಾನೇ? ಏನಾದ್ರೂ ಅನ್ಸಿದ್ರೆ ಫೋನ್ ಮಾಡಿ. ಕನ್ನಡದಲ್ಲೇ."

ಅವರು ಹೋದ ಮೇಲೆ ಸರ್ ಆ ಡಬ್ಬಿಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. ಆ ನಂಬರಿನಲ್ಲಿ ಎಂಟೇ ಅಂಕಿ. ಅಷ್ಟು ನೆನಪಿರುತ್ತದೆ.

ಏಪ್ರಿಲ್ 9, ಬುಧವಾರ, ಬೆಳಿಗ್ಗೆ ಹತ್ತು

ನಿನ್ನೆಯಿಂದ ನನ್ನನ್ನು ಶೆಡ್ಡಿಗೆ ಕರೆದೊಯ್ಯುತ್ತಿಲ್ಲ. ಮರಿಗಳಿಗೆ ಯಾರು ಕೊಡುತ್ತಿದ್ದಾರೆ? ಸರ್ ಹೇಳುವುದಿಲ್ಲ. ಮೇಡಂ ನನ್ನ ಪರ್ಮಿಟ್ಟಿನ ಬಗ್ಗೆ ಏನೋ ಕಾಗದ ತೆಗೆದು ನೋಡುತ್ತಿದ್ದರು. ನಾನು ಹೋದ ಕೂಡಲೇ ಮುಚ್ಚಿದರು. ಊರಿಗೆ ಕಳಿಸಿಬಿಡುತ್ತಾರೆ ಎನಿಸಿತು. ಹೇಗೂ ಕಳಿಸುತ್ತಾರೆ.

ಸಾಮಾನು ತರುವ ನೆಪ ಹೇಳಿ ಕೆಳಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದೆ. ಹೊಲಿಗೆ ಹೇಳಿದೆ, ಉಂಗುರ ಹೇಳಿದೆ, ಇನ್ನೆರಡು ಬರುತ್ತವೆ ಎಂದು ಹೇಳಿದೆ. ಕ್ಯಾರಿಯರ್ ವಿಷಯ ಹೇಳಿದೆ. ಕೊನೆಗೆ, ನಾನು ಓದಿದ್ದು ಏಳು, ಕಾಗದದಲ್ಲಿ ಎಂಟಿದೆ ಎಂದೂ ಹೇಳಿದೆ.

"ಅದನ್ನ ನಾನು ಕೇಳ್ಲಿಲ್ವಲ್ಲ," ಅಂದರು ಡಾಕ್ಟರ್. "ಅದ್ಯಾಕೆ ಹೇಳ್ತೀರಿ? ನಿಮಗೇ ತೊಂದ್ರೆ."

"ನಾನೇ ಹೇಳ್ಬಿಟ್ರೆ ಸರ್ ಕೈಲಿ ಏನೂ ಉಳಿಯಲ್ಲ ಮೇಡಂ."

"ಸರಿ. ಸರ್ಕಾರದವರ ಹತ್ರ ನಿಮ್ಮ ಜೊತೆ ನಾನು ಬರ್ತೀನಿ," ಅಂದರು.

ಕೊತ್ತಂಬರಿ ತರಲು ಮರೆತು ಮನೆಗೆ ಹತ್ತಿ ಬಂದೆ. ಮೇಡಂ ಕೇಳಲಿಲ್ಲ.

ಏಪ್ರಿಲ್ 11, ಶುಕ್ರವಾರ, ಮಧ್ಯಾಹ್ನ

ನಿನ್ನೆ ಸರ್ಕಾರದವರು ಬಂದರು. ನಾಲ್ಕು ಜನ. ಶೆಡ್ಡಿನಿಂದ ನಂಬರ್ ಹನ್ನೊಂದನ್ನು ಪೆಟ್ಟಿಗೆಯಲ್ಲಿ ಒಯ್ದರಂತೆ. ಶೆಡ್ಡಿಗೆ ಬೀಗ. ಸರ್ ನನ್ನನ್ನು ನೋಡಿ ಶೂ ಲೇಸ್ ಕಟ್ಟಿಕೊಳ್ಳುತ್ತಲೇ ಇದ್ದರು. ತನ್ಮಯಿ ರೂಮಿನಿಂದ ಹೊರಗೆ ಬರಲಿಲ್ಲ. ಮೇಡಂ ನನ್ನ ಚೀಲಕ್ಕೆ ನೀಲಿ ಚೂಡಿದಾರ್ ತಾವೇ ಮಡಚಿಟ್ಟರು. ಕೋಪವೋ, ಇನ್ನೇನೋ. ಕೊನೆಯವರೆಗೂ ತಿಳಿಯಲಿಲ್ಲ.

ಬೈರಿಯನ್ನು ನಮ್ಮ ಕಡೆಗೇ ಕಳಿಸಬಹುದು, ಬಹಳ ತಿಂಗಳು ಹಿಡಿಯಬಹುದು ಅಂದರು ಡಾಕ್ಟರ್. ನನ್ನನ್ನು ಮೂರು ಗಂಟೆಗೆ ತೊಂದರೆಯಲ್ಲಿರುವ ಕೆಲಸದ ಹುಡುಗಿಯರನ್ನು ಇಡುವ ಒಂದು ಮನೆಗೆ ಕರೆದೊಯ್ಯುತ್ತಾರೆ. ಆಮೇಲೆ ಊರಿಗೆ ಇರಬಹುದು. ಇನ್ನು ಇಲ್ಲಿ ಕೆಲಸ ಸಿಗುವುದಿಲ್ಲ.

ಮರಿಗಳ ಬಗ್ಗೆ ಕೇಳಿದೆ. ಅವಕ್ಕೆ ಸುಳ್ಳು ಕಾಗದ ಇಲ್ಲ, ನಿಜವಾಗಿಯೂ ಅಲ್ಲೇ ಹುಟ್ಟಿದವು. ಆದರೆ ಕಾಡಿಗೆ ಬಿಡುವ ಹಾಗಿಲ್ಲ. ಅವಕ್ಕೆ ಹಕ್ಕಿ ಎಂದರೆ ಗೊತ್ತಿಲ್ಲ, ನಾನು ಗೊತ್ತು. ಬೇರೆ ಯಾರೋ ಸಾಕುತ್ತಾರಂತೆ. ನಿನ್ನೆಯಿಂದ ಏನೂ ತಿಂದಿಲ್ಲವಂತೆ, ಕಿರುಚುತ್ತಲೇ ಇವೆಯಂತೆ. ಏನು ಮಾಡಬೇಕು ಎಂದು ಬರೆದುಕೊಡಿ, ಇಂಗ್ಲಿಷ್ ನಾನು ಮಾಡುತ್ತೇನೆ ಅಂದರು ಡಾಕ್ಟರ್. ಬಾಗಿಲಲ್ಲಿ ಕಾಯುತ್ತಿದ್ದಾರೆ. ಈ ಹಾಳೆ ಹರಿದು ಕೊಡಬೇಕು.

ಬುರ್ಲಿ ಕತ್ತರಿಸಬೇಡಿ, ಈಗ ತಾವೇ ಹರಿದು ತಿನ್ನುತ್ತವೆ. ಪೂರ್ತಿ ಕರಗಿರಬೇಕು, ನಡುವೆ ತಣ್ಣಗಿದ್ದರೆ ಉಗಿಯುತ್ತವೆ. ದೊಡ್ಡದಕ್ಕೆ ಮೊದಲು ಕೊಡಿ, ಇಲ್ಲದಿದ್ದರೆ ಚಿಕ್ಕದರದ್ದು ಕಿತ್ತುಕೊಳ್ಳುತ್ತದೆ. ಕೊಟ್ಟು ಹೋಗಿಬಿಡಬಾರದು. ಎದುರು ನೆಲದ ಮೇಲೆ ಕೂರಬೇಕು. ಚಿಕ್ಕದು ಮುಖ ನೋಡಿಕೊಂಡೇ ತಿನ್ನುವುದು. ಮಾತಾಡುತ್ತಿರಬೇಕು, ಯಾವ ಭಾಷೆಯಾದರೂ ಸರಿ, ಆದರೆ ಮೆಲ್ಲಗೆ. ನಾನು ಏನು ಹೇಳುತ್ತಿದ್ದೆ ಎಂದರೆ—